ದಿನಾ ಒಂದು ಆಸ್ಪಿರಿನ್? ಉರಿಯೂತ, ಕ್ಯಾನ್ಸರ್ ಮತ್ತು ಮಾತ್ರೆ ಆರಿಸುವ ಲೆಕ್ಕ

ಓದುಗರ ಪ್ರಶ್ನೆಗಳಲ್ಲಿ ಒಂದು ಮತ್ತೆ ಮತ್ತೆ ಬರುತ್ತಿದೆ. "ಉರಿಯೂತದಿಂದಲೇ ಕ್ಯಾನ್ಸರ್ ಬರುತ್ತಂತೆ. ಹಾಗಾದರೆ ಉರಿಯೂತ ತಗ್ಗಿಸುವ ಮಾತ್ರೆಯನ್ನು ದಿನಾ ಒಂದು ನುಂಗಿದರೆ ಆಯಿತಲ್ವಾ? ನುಂಗೋದಾದರೆ ಯಾವುದು?" ಕೆಲವರು ಆಸ್ಪಿರಿನ್ ತಂದಿಟ್ಟುಕೊಂಡೇ ಕೇಳುತ್ತಾರೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ.

ಆದರೆ ಪ್ರಶ್ನೆ ದಡ್ಡತನದ್ದಲ್ಲ. ಸಂಶೋಧಕರು ಹತ್ತಾರು ವರ್ಷಗಳಿಂದ ಇದರ ಹಿಂದೆ ಬಿದ್ದಿದ್ದಾರೆ. ಕೆಲವು ಕಡೆ ಉತ್ತರ "ಹೌದು" ಎಂದೇ ಬಂದಿದೆ, ಕೆಲವು ಕಡೆ ಎಲ್ಲರಿಗೂ ಆಶ್ಚರ್ಯವಾಗುವಂತೆ ಉಲ್ಟಾ ಹೊಡೆದಿದೆ. ನಿಮ್ಮ ಉತ್ತರ ಯಾವ ಗುಂಪಿನದು ಎಂದು ಹುಡುಕಿಕೊಳ್ಳಲು ಈ ಬರಹ.

ಮೊದಲು, ಬೂದಿ ಮುಚ್ಚಿದ ಕೆಂಡದ ವಿಷಯ

ಬೆರಳು ಕೊಯ್ದುಕೊಂಡರೆ ಕೆಂಪಗಾಗುತ್ತದೆ, ಊದುತ್ತದೆ, ಬಿಸಿಯಾಗುತ್ತದೆ. ಇದೂ ಉರಿಯೂತವೇ. ಕೆಲವು ದಿನದಲ್ಲಿ ಗಾಯ ಮಾಯುತ್ತದೆ, ಉರಿಯೂತವೂ ಇಳಿಯುತ್ತದೆ. ಇದರಿಂದ ಯಾರಿಗೂ ಕ್ಯಾನ್ಸರ್ ಬರುವುದಿಲ್ಲ. ತೊಂದರೆ ಇರುವುದು ವರ್ಷಗಟ್ಟಲೆ ಆರದೆ ಉಳಿಯುವ ಉರಿಯೂತದಲ್ಲಿ. ಹೊರಗೆ ಏನೂ ಕಾಣದು, ಒಳಗೆ ಕೆಂಡ ಹಾಗೇ ಇರುತ್ತದೆ.

ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋ 1863ರಲ್ಲೇ ಗೆಡ್ಡೆಗಳೊಳಗೆ ಬಿಳಿ ರಕ್ತಕಣಗಳನ್ನು ನೋಡಿ, ಕ್ಯಾನ್ಸರ್‌ಗೂ ಹಳೆಯ ಉರಿಯೂತಕ್ಕೂ ನಂಟಿರಬೇಕು ಎಂದು ಊಹಿಸಿದ್ದರು. ಅದು ಹೇಗೆ ಎಂಬುದು ಈಗ ಸಾಕಷ್ಟು ಗೊತ್ತಿದೆ. ಒಂದೇ ಜಾಗದಲ್ಲಿ ಗಾಯ, ರಿಪೇರಿ, ಮತ್ತೆ ಗಾಯ, ಮತ್ತೆ ರಿಪೇರಿ. ರಿಪೇರಿಗೆಂದು ಜೀವಕೋಶಗಳು ಒಡೆದು ಹೆಚ್ಚುತ್ತಲೇ ಇರುತ್ತವೆ. ರಕ್ಷಣೆಗೆ ಬಂದ ಬಿಳಿ ರಕ್ತಕಣಗಳು ಬಿಡುವ ರಾಸಾಯನಿಕಗಳು ಪಕ್ಕದ ಕೋಶಗಳ ಡಿಎನ್‌ಎಯನ್ನೂ ಕೆಡಿಸುತ್ತವೆ. ಜೊತೆಗೆ "ಬೆಳೆ, ಬೆಳೆ" ಎನ್ನುವ ಸಂದೇಶಗಳು, ಹೊಸ ರಕ್ತನಾಳಗಳು. ಕೆಟ್ಟುಹೋದ ಒಂದು ಕೋಶಕ್ಕೆ ಇದಕ್ಕಿಂತ ಒಳ್ಳೆಯ ಗೊಬ್ಬರ ಬೇಕಾ?

ಉದಾಹರಣೆಗಳು ಬೇಕಾದಷ್ಟಿವೆ. ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾದಿಂದ ಜಠರದ ಕ್ಯಾನ್ಸರ್. ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳಿಂದ ಲಿವರ್ ಕ್ಯಾನ್ಸರ್. ಅಲ್ಸರೇಟಿವ್ ಕೊಲೈಟಿಸ್ ಎಂಬ ಕರುಳಿನ ಕಾಯಿಲೆಯಿಂದ ದೊಡ್ಡ ಕರುಳಿನ ಕ್ಯಾನ್ಸರ್. ಕಲ್ನಾರಿನ ದೂಳಿನಿಂದ ಶ್ವಾಸಕೋಶದ ಪೊರೆಯ ಕ್ಯಾನ್ಸರ್. ಬೀಡಿ, ಸಿಗರೇಟಿನ ಹೊಗೆಯಲ್ಲಿ ಡಿಎನ್‌ಎ ಕೆಡಿಸುವ ವಿಷವೂ ಇದೆ, ಉರಿಯೂತವೂ ಇದೆ. ಹೊಟ್ಟೆಯ ಸುತ್ತ ಸೇರಿದ ಕೊಬ್ಬು ಕೂಡ ಉರಿಯೂತದ ಸಂದೇಶಗಳನ್ನು ಕಳಿಸುತ್ತಲೇ ಇರುತ್ತದೆ. ಹಾಗಂತ ಎಲ್ಲ ಕ್ಯಾನ್ಸರ್‌ಗೂ ಉರಿಯೂತವೇ ಮೂಲ ಅಲ್ಲ. ಈ ಮಾತು ಮನಸ್ಸಿನಲ್ಲಿರಲಿ.

ಯಾವ ತಕ್ಕಡಿಯಲ್ಲಿ ತೂಗಬೇಕು?

ಮಾತ್ರೆಗಳ ಹೆಸರು ನೋಡುವ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ. ಬಹಳ ಜನ ಇಲ್ಲೇ ಎಡವುತ್ತಾರೆ.

ನಿಮ್ಮ ಉರಿಯೂತಕ್ಕೆ ಒಂದು ಹೆಸರು, ಒಂದು ಜಾಗ ಇದೆಯಾ? "ಮೈಯಲ್ಲೆಲ್ಲಾ ಉರಿಯೂತ" ಅನ್ನುವುದು ರೋಗದ ಹೆಸರಲ್ಲ. ಜಠರವೋ, ಲಿವರೋ, ಕರುಳೋ ಎಂದು ಗೊತ್ತಿದ್ದರೆ ದಾರಿಯೇ ಬೇರೆ.

ನಿಮಗೆ ಕ್ಯಾನ್ಸರ್ ಬರುವ ಸಾಧ್ಯತೆ ಉಳಿದವರಿಗಿಂತ ಎಷ್ಟು ಜಾಸ್ತಿ? ಅಪಾಯ ದೊಡ್ಡದಿದ್ದಾಗ ಮಾತ್ರೆಯ ಲಾಭವೂ ದೊಡ್ಡದು. ಅಪಾಯ ಸಣ್ಣದಿದ್ದರೆ ಲಾಭವೂ ಸಣ್ಣದು. ಅಡ್ಡಪರಿಣಾಮ ಮಾತ್ರ ಇಬ್ಬರಿಗೂ ಅಷ್ಟೇ.

ಪುರಾವೆ ಎಂಥದ್ದು? "ಮಾತ್ರೆ ತಗೊಂಡವರಲ್ಲಿ ಕ್ಯಾನ್ಸರ್ ಕಡಿಮೆ ಕಂಡಿತು" ಅನ್ನುವುದು ಒಂದು. ಚೀಟಿ ಎತ್ತಿದ ಹಾಗೆ ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಔಷಧಿ, ಇನ್ನೊಂದಕ್ಕೆ ಡಮ್ಮಿ ಮಾತ್ರೆ ಕೊಟ್ಟು ವರ್ಷಗಟ್ಟಲೆ ಕಾದು ನೋಡುವುದು ಇನ್ನೊಂದು. ಎರಡನೆಯದಕ್ಕೇ ತೂಕ ಜಾಸ್ತಿ. ಅದರಲ್ಲೂ ಕಡಿಮೆಯಾಗಿದ್ದು ಪಾಲಿಪ್‌ಗಳೋ (ಕರುಳಿನ ಒಳಗೋಡೆಯಲ್ಲಿ ಏಳುವ, ಮುಂದೆ ಕ್ಯಾನ್ಸರ್ ಆಗಬಹುದಾದ ಗಂಟುಗಳು), ಕ್ಯಾನ್ಸರೋ, ಸಾವೋ ಎಂದು ನೋಡಿ. ಮೂರೂ ಒಂದೇ ಅಲ್ಲ.

ಇನ್ನು ನಿಮ್ಮ ಹೊಟ್ಟೆ, ಹೃದಯ, ಕಿಡ್ನಿ ಹೇಗಿವೆ? ಈ ಮಾತ್ರೆಗಳೆಲ್ಲ ತೊಂದರೆ ಕೊಡುವುದು ಈ ಮೂರರಲ್ಲಿ ಒಂದಕ್ಕೆ. ವಯಸ್ಸೂ ಮುಖ್ಯ. ಲಾಭ ಕಾಣಲು ಐದಾರು ವರ್ಷವಾದರೂ ಬೇಕು, ರಕ್ತಸ್ರಾವ ಮಾತ್ರ ಮೊದಲ ತಿಂಗಳಲ್ಲೇ ಆಗಬಹುದು.

ಖರ್ಚಿನ ಮಾತು ಕೊನೆಗೆ. ಹಳೆಯ ಮಾತ್ರೆಗಳು ಬಹಳ ಅಗ್ಗ, ಅದಕ್ಕೇ "ಸುಮ್ನೆ ತಗೊಂಡರೆ ಏನು ಹೋಗುತ್ತೆ" ಅನ್ನಿಸುವುದು. ಒಂದು ಸಲ ಹೊಟ್ಟೆಯಲ್ಲಿ ರಕ್ತ ಸೋರಿ ಆಸ್ಪತ್ರೆ ಸೇರಿದರೆ ಆ ಅಗ್ಗದ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಆಯ್ಕೆ ಒಂದು: ಕೆಂಡವನ್ನೇ ಆರಿಸುವುದು

ಇದನ್ನು ಮೊದಲು ಇಟ್ಟಿದ್ದಕ್ಕೆ ಕಾರಣವಿದೆ. ಹೋಲಿಕೆ ಮಾಡುವವರು ಸಾಮಾನ್ಯವಾಗಿ ಇದನ್ನು ಆಯ್ಕೆ ಎಂದೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನನ್ನ ಮಟ್ಟಿಗೆ ಬಹುಪಾಲು ಜನರಿಗೆ ಇದೇ ಸರಿಯಾದದ್ದು.

ಪೈಲೋರಿಯನ್ನೇ ತೆಗೆದುಕೊಳ್ಳಿ. ಉಸಿರಿನ ಅಥವಾ ಮಲದ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಸಾಮಾನ್ಯವಾಗಿ ಎರಡು ವಾರದ ಆಂಟಿಬಯೋಟಿಕ್ ಮತ್ತು ಆ್ಯಸಿಡ್ ತಗ್ಗಿಸುವ ಮಾತ್ರೆ, ಮುಗಿಯಿತು. ಜಠರದ ಕ್ಯಾನ್ಸರ್ ಬಂದವರ ಒಡಹುಟ್ಟಿದವರು ಮತ್ತು ಮಕ್ಕಳ ಮೇಲೆ ದಕ್ಷಿಣ ಕೊರಿಯಾದಲ್ಲಿ ಮಾಡಿದ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು. ಸುಮಾರು ಒಂಬತ್ತು ವರ್ಷದಲ್ಲಿ ಚಿಕಿತ್ಸೆ ಪಡೆದವರಲ್ಲಿ ಶೇ 1.2 ಮಂದಿಗೆ ಜಠರದ ಕ್ಯಾನ್ಸರ್ ಬಂದರೆ, ಡಮ್ಮಿ ಮಾತ್ರೆ ಪಡೆದವರಲ್ಲಿ ಶೇ 2.7. ಆ ಪ್ರಯೋಗದಲ್ಲಿ ಕೊಟ್ಟ ಒಂದೇ ವಾರದ ಔಷಧಿಗೆ ಅರ್ಧಕ್ಕಿಂತ ಹೆಚ್ಚು ಇಳಿಕೆ! ಜೀವನಪೂರ್ತಿ ನುಂಗುವ ಯಾವ ಮಾತ್ರೆ ಇದರ ಸಮಕ್ಕೆ ಬರುತ್ತದೆ ಹೇಳಿ?

ಲಿವರ್‌ನ ಕಥೆಯೂ ಹಾಗೇ. ತೈವಾನ್ 1984ರಲ್ಲಿ ನವಜಾತ ಶಿಶುಗಳಿಗೆ ಹೆಪಟೈಟಿಸ್ ಬಿ ಲಸಿಕೆ ಶುರು ಮಾಡಿತು. ಮುಂದೆ ಅಲ್ಲಿನ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಕಣ್ಣಿಗೆ ಕಾಣುವಷ್ಟು ಇಳಿಯಿತು. ಹೆಪಟೈಟಿಸ್ ಸಿ ಇದ್ದರೆ ಈಗ ಕೆಲವು ವಾರಗಳ ಮಾತ್ರೆಯಲ್ಲಿ ಬಹುತೇಕರಿಗೆ ವೈರಸ್ ಪೂರ್ತಿ ಹೋಗುತ್ತದೆ. ತಂಬಾಕು ಬಿಡುವುದು, ತೂಕ ಇಳಿಸುವುದು ಕೇಳಿ ಕೇಳಿ ಬೇಜಾರಾದ ಮಾತುಗಳು, ಗೊತ್ತು. ಆದರೆ ಉರಿಯೂತ ತಗ್ಗಿಸುವ ಪಟ್ಟಿಯಲ್ಲಿ ಅಡ್ಡಪರಿಣಾಮ ಇಲ್ಲದವು ಇವೆರಡೇ.

ಕೊರತೆ ಏನು? ಇಲ್ಲಿ ಹೆಸರಿರುವ ಕಾರಣ ಬೇಕು. ಕಾರಣ ವಂಶದಲ್ಲೇ ಇದ್ದರೆ ಅಥವಾ ಯಾವುದೂ ಸಿಗದಿದ್ದರೆ ಈ ದಾರಿ ಅರ್ಧಕ್ಕೆ ನಿಲ್ಲುತ್ತದೆ.

ಆಯ್ಕೆ ಎರಡು: ಆಸ್ಪಿರಿನ್

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಪುರಾವೆ ಅತಿ ಹೆಚ್ಚು ಇರುವುದೂ ಇದಕ್ಕೇ, ಗೊಂದಲ ಅತಿ ಹೆಚ್ಚು ಇರುವುದೂ ಇದರಲ್ಲೇ.

ಆಸ್ಪಿರಿನ್ 1899ರಿಂದ ಮಾರುಕಟ್ಟೆಯಲ್ಲಿದೆ. ಅದು ಕೆಲಸ ಮಾಡುವ ಬಗೆಯನ್ನು ಬ್ರಿಟನ್ನಿನ ಜಾನ್ ವೇನ್ ತೋರಿಸಿದ್ದು 1971ರಲ್ಲಿ. 1982ರಲ್ಲಿ ಅವರಿಗೆ ನೊಬೆಲ್ ಬಂತು. ದೇಹದಲ್ಲಿ ಕಾಕ್ಸ್ ಎಂಬ ಕಿಣ್ವ ಎರಡು ಬಗೆಯದಿದೆ. ಕಾಕ್ಸ್-1 ಜಠರದ ಒಳಪದರವನ್ನು ಕಾಯುತ್ತದೆ, ರಕ್ತ ಹೆಪ್ಪುಗಟ್ಟಲು ನೆರವಾಗುತ್ತದೆ. ಕಾಕ್ಸ್-2 ಹೆಚ್ಚಾಗಿ ಉರಿಯೂತ ಇರುವಲ್ಲಿ ಎದ್ದೇಳುತ್ತದೆ, ಬಹಳಷ್ಟು ಕರುಳಿನ ಗೆಡ್ಡೆಗಳಲ್ಲಂತೂ ಜೋರಾಗಿರುತ್ತದೆ. ಕಡಿಮೆ ಡೋಸಿನ ಆಸ್ಪಿರಿನ್ ಮುಖ್ಯವಾಗಿ ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳ ಕಾಕ್ಸ್-1ಗೆ ಬೀಗ ಹಾಕುತ್ತದೆ. ಬೀಗ ಮತ್ತೆ ತೆರೆಯುವುದಿಲ್ಲ. ಆ ಪ್ಲೇಟ್‌ಲೆಟ್ ಬದುಕಿರುವ ಏಳರಿಂದ ಹತ್ತು ದಿನವೂ ಅದು ಹಾಗೇ. ಅಂದರೆ ಸಣ್ಣ ಡೋಸಿನಲ್ಲಿ ಆಸ್ಪಿರಿನ್ ಉರಿಯೂತದ ಮಾತ್ರೆಗಿಂತ ಪ್ಲೇಟ್‌ಲೆಟ್ ಮಾತ್ರೆಯೇ ಹೆಚ್ಚು. ಪ್ಲೇಟ್‌ಲೆಟ್‌ಗಳು ಬಿಡುವ ಥ್ರಾಂಬಾಕ್ಸೇನ್ ಎಂಬ ವಸ್ತು ರೋಗನಿರೋಧಕ ಟಿ ಕೋಶಗಳ ಕೈ ಕಟ್ಟಿಹಾಕುತ್ತದೆ, ಆಸ್ಪಿರಿನ್ ಆ ಕಟ್ಟು ಬಿಚ್ಚುತ್ತದೆ ಎಂದು 2025ರಲ್ಲಿ ಕೇಂಬ್ರಿಜ್ ಸಂಶೋಧಕರು ಇಲಿಗಳಲ್ಲಿ ತೋರಿಸಿದರು. "ಉರಿಯೂತ ತಗ್ಗಿದ್ದರಿಂದ ಕ್ಯಾನ್ಸರ್ ತಗ್ಗಿತು" ಅನ್ನುವ ಸರಳ ಕಥೆ ಪೂರ್ತಿ ಸರಿ ಇರಲಿಕ್ಕಿಲ್ಲ.

ಪರ ಇರುವ ಪುರಾವೆ ಗಟ್ಟಿಯಾದದ್ದೇ. ಹೃದಯಕ್ಕೆಂದು ನಡೆದ ಹಳೆಯ ಪ್ರಯೋಗಗಳಲ್ಲಿದ್ದವರನ್ನು 20 ವರ್ಷ ಹಿಂಬಾಲಿಸಿ ನೋಡಿದ ಒಂದು ವಿಶ್ಲೇಷಣೆ 2010ರಲ್ಲಿ ಬಂತು. ಆಸ್ಪಿರಿನ್ ಗುಂಪಿನಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಸುಮಾರು ಕಾಲುಭಾಗ, ಅದರಿಂದಾದ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆ ಇತ್ತು.

ಇನ್ನೂ ಗಟ್ಟಿಯಾದದ್ದು ಲಿಂಚ್ ಸಿಂಡ್ರೋಮ್ ಇರುವವರ ಪ್ರಯೋಗ. ಇದು ವಂಶದಲ್ಲಿ ಬರುವ ದೋಷ. ಕರುಳು ಮತ್ತು ಗರ್ಭಕೋಶದ ಕ್ಯಾನ್ಸರ್ ಚಿಕ್ಕ ವಯಸ್ಸಿನಲ್ಲೇ ಬರುವ ಸಾಧ್ಯತೆ ಹೆಚ್ಚು. ಕ್ಯಾಪ್-2 ಎಂಬ ಆ ಪ್ರಯೋಗದಲ್ಲಿ 861 ಜನ ಇದ್ದರು. ದಿನಾ 600 ಮಿಲಿಗ್ರಾಂ ಆಸ್ಪಿರಿನ್ ಗುಂಪಿಗೆ ಸೇರಿದವರಲ್ಲಿ ಶೇ 9, ಡಮ್ಮಿ ಗುಂಪಿನಲ್ಲಿ ಶೇ 13 ಮಂದಿಗೆ ಕರುಳಿನ ಕ್ಯಾನ್ಸರ್ ಬಂತು ಎಂದು 2020ರ ವರದಿ ಹೇಳಿತು. ಅದೇ ವರ್ಷ ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ, ಲಿಂಚ್ ಇರುವವರಿಗೆ ಆಸ್ಪಿರಿನ್ ಪರಿಗಣಿಸಿ ಎಂದು ವೈದ್ಯರಿಗೆ ತಿಳಿಸಿತು. ಮಾತ್ರೆ ತಗೊಂಡ ಕೂಡಲೇ ಲಾಭ ಕಾಣಲಿಲ್ಲ, ವರ್ಷಗಳ ನಂತರ ಕಂಡಿತು.

ಈಗ ಉಲ್ಟಾ ಹೊಡೆದ ಕಥೆ. ಆಸ್ಟ್ರೇಲಿಯಾ ಮತ್ತು ಅಮೆರಿಕದಲ್ಲಿ 19,114 ಆರೋಗ್ಯವಂತ ಹಿರಿಯರ ಮೇಲೆ ಆಸ್ಪ್ರೀ ಎಂಬ ಪ್ರಯೋಗ ನಡೆಯಿತು. ಹೆಚ್ಚಿನವರು 70 ದಾಟಿದವರು. ಡೋಸ್ ಬರೀ 100 ಮಿಲಿಗ್ರಾಂ. 2018ರಲ್ಲಿ ಫಲಿತಾಂಶ ಬಂದಾಗ ಎಲ್ಲರೂ ಹುಬ್ಬೇರಿಸಿದರು. ಸುಮಾರು ಐದು ವರ್ಷದಲ್ಲಿ ಗಂಭೀರ ರಕ್ತಸ್ರಾವ ಡಮ್ಮಿ ಗುಂಪಿನಲ್ಲಿ ಶೇ 2.8, ಆಸ್ಪಿರಿನ್ ಗುಂಪಿನಲ್ಲಿ ಶೇ 3.8. ಅದಾದರೂ ನಿರೀಕ್ಷೆ ಇದ್ದದ್ದೇ. ಆದರೆ ಕ್ಯಾನ್ಸರ್‌ನಿಂದ ಸತ್ತವರೂ ಆಸ್ಪಿರಿನ್ ಗುಂಪಿನಲ್ಲೇ ಜಾಸ್ತಿ, ಶೇ 2.3ರ ಜಾಗದಲ್ಲಿ ಶೇ 3.1. ಹಳೆಯ ಪ್ರಯೋಗಗಳಿಗೆ ಪೂರ್ತಿ ವಿರುದ್ಧ. ಆಸ್ಪಿರಿನ್ನೇ ಕ್ಯಾನ್ಸರ್ ತಂದಿತು ಎಂದು ಇದರಿಂದ ಸಾಬೀತಾಗುವುದಿಲ್ಲ. 70ರ ನಂತರ ತಡೆಗೆಂದು ಹೊಸದಾಗಿ ಶುರು ಮಾಡಲು ಕಾರಣವೇ ಉಳಿಯಲಿಲ್ಲ, ಅಷ್ಟು ಖಂಡಿತ.

ರೋಗ ತಡೆಯ ಸಲಹೆ ಕೊಡುವ ತಜ್ಞರ ಮಂಡಳಿ, ಅಮೆರಿಕದ ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್, 2016ರಲ್ಲಿ ಹೃದಯದ ಅಪಾಯ ಹೆಚ್ಚಿರುವ 50ರಿಂದ 59 ವಯಸ್ಸಿನವರಿಗೆ ಹೃದಯ ಮತ್ತು ಕರುಳು ಎರಡರ ಹೆಸರಿನಲ್ಲೂ ಆಸ್ಪಿರಿನ್ ಸೂಚಿಸಿತ್ತು. 2022ರಲ್ಲಿ ಕರುಳಿನ ಕ್ಯಾನ್ಸರ್‌ನ ಮಾತನ್ನು ಕೈಬಿಟ್ಟಿತು, 60 ದಾಟಿದವರು ಹೃದಯಕ್ಕೆಂದು ಹೊಸದಾಗಿ ಶುರು ಮಾಡುವುದು ಬೇಡ ಎಂದಿತು. ಹಳೆಯ ಸಲಹೆ ಓದಿದವರು ಇನ್ನೂ ಅದನ್ನೇ ಹಂಚುತ್ತಿರುತ್ತಾರೆ. ಸಲಹೆಯ ಇಸವಿ ನೋಡಿ.

ಕ್ಯಾನ್ಸರ್ ಆಗಿ ಹೋದವರಿಗೆ? ಇಲ್ಲಿ ಹೊಸ, ಒಳ್ಳೆಯ ಸುದ್ದಿ ಇದೆ, ಆದರೆ ಎಲ್ಲರಿಗೂ ಅಲ್ಲ. ಉತ್ತರ ಯುರೋಪಿನ ನಾಲ್ಕು ದೇಶಗಳ ಅಲಾಸ್ಕಾ ಪ್ರಯೋಗ 2025ರಲ್ಲಿ ಪ್ರಕಟವಾಯಿತು. ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆದವರಲ್ಲಿ, ಗೆಡ್ಡೆಯ ಪಿಐಕೆ3ಸಿಎ ಜೀನ್‌ನಲ್ಲಿ ಗೊತ್ತುಪಡಿಸಿದ ಬದಲಾವಣೆ ಇದ್ದವರಿಗೆ ದಿನಾ 160 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟರು. ಮೂರು ವರ್ಷದಲ್ಲಿ ಕಾಯಿಲೆ ಮರುಕಳಿಸಿದ್ದು ಶೇ 7.7 ಮಂದಿಗೆ, ಡಮ್ಮಿ ಗುಂಪಿನಲ್ಲಿ ಶೇ 14.1. ಸ್ತನ ಕ್ಯಾನ್ಸರ್‌ನಲ್ಲಿ 300 ಮಿಲಿಗ್ರಾಂ ಕೊಟ್ಟು ನೋಡಿದ ಪ್ರಯೋಗವೊಂದು 2024ರಲ್ಲಿ ಏನೂ ಲಾಭವಿಲ್ಲ ಎಂದು ಮುಗಿಯಿತು. ಒಂದೇ ಮಾತ್ರೆ, ಕ್ಯಾನ್ಸರ್ ಬೇರೆಯಾದರೆ ಉತ್ತರವೂ ಬೇರೆ.

ಆಯ್ಕೆ ಮೂರು: ಐಬುಪ್ರೊಫೇನ್, ನ್ಯಾಪ್ರಾಕ್ಸೆನ್, ಡೈಕ್ಲೋಫೆನಾಕ್

ಮಂಡಿ ನೋವಿಗೆ, ಬೆನ್ನು ನೋವಿಗೆ ತೆಗೆದುಕೊಳ್ಳುವವು. ನೋವು, ಊತ ಇಳಿಸುವುದರಲ್ಲಿ ಇವು ಸಣ್ಣ ಡೋಸಿನ ಆಸ್ಪಿರಿನ್‌ಗಿಂತ ಮೇಲು. ಆದರೆ ಇವು ಹಾಕುವ ಬೀಗ ಕೆಲವು ಗಂಟೆಗಳಲ್ಲಿ ತೆರೆದುಕೊಳ್ಳುತ್ತದೆ. ಕ್ಯಾನ್ಸರ್ ತಡೆಗೆ ಇವುಗಳ ಪರ ಇರುವುದು ಹೆಚ್ಚಾಗಿ "ತಗೊಂಡವರಲ್ಲಿ ಕಡಿಮೆ ಕಂಡಿತು" ಬಗೆಯ ಪುರಾವೆ.

ದೊಡ್ಡ ಡೋಸಿನ ಪ್ರಯೋಗಗಳನ್ನೆಲ್ಲ ಒಟ್ಟು ಸೇರಿಸಿದ 2013ರ ವಿಶ್ಲೇಷಣೆ ನೆನಪಿಡುವಂಥದ್ದು. ಡೈಕ್ಲೋಫೆನಾಕ್ ಅಥವಾ ಕಾಕ್ಸಿಬ್ ಗುಂಪಿನ (ಕಾಕ್ಸ್-2ಕ್ಕೆ ಮಾತ್ರ ಬೀಗ ಹಾಕುವ) ಮಾತ್ರೆಯನ್ನು ಸಾವಿರ ಜನ ಒಂದು ವರ್ಷ ತೆಗೆದುಕೊಂಡರೆ ಸುಮಾರು ಮೂವರಿಗೆ ಹೆಚ್ಚುವರಿಯಾಗಿ ಹಾರ್ಟ್ ಅಟ್ಯಾಕ್‌ನಂಥ ತೊಂದರೆ, ಅದರಲ್ಲಿ ಒಂದು ಸಾವು. ಐಬುಪ್ರೊಫೇನ್ ಕೂಡ ಹೃದಯದ ಲೆಕ್ಕದಲ್ಲಿ ಪೂರ್ತಿ ಸಾಚಾ ಅಲ್ಲ. ನ್ಯಾಪ್ರಾಕ್ಸೆನ್ ಆ ಲೆಕ್ಕದಲ್ಲಿ ಪರವಾಗಿಲ್ಲ, ಆದರೆ ಹೊಟ್ಟೆಯ ಮೇಲೆ ಕಠಿಣ. ಎಲ್ಲವೂ ಕಿಡ್ನಿಗೆ ಭಾರ, ಬಿಪಿ ಏರಿಸಬಲ್ಲವು. ಕ್ಯಾನ್ಸರ್ ತಡೆಗೆಂದೇ ಇವನ್ನು ದಿನಾ ತೆಗೆದುಕೊಳ್ಳುವುದಕ್ಕೆ ನಾನಂತೂ ಒಂದೇ ಒಂದು ಒಳ್ಳೆಯ ಕಾರಣ ಕಾಣೆ.

ಅಂದಹಾಗೆ, ಪ್ಯಾರಾಸಿಟಮಾಲ್ ಈ ಹೋಲಿಕೆಯಲ್ಲೇ ಇಲ್ಲ. ಅದು ಜ್ವರ, ನೋವು ಇಳಿಸುತ್ತದೆ, ಉರಿಯೂತದ ಮೇಲೆ ಅದರ ಪ್ರಭಾವ ಅಷ್ಟಕ್ಕಷ್ಟೇ.

ಆಯ್ಕೆ ನಾಲ್ಕು: ಸೆಲೆಕಾಕ್ಸಿಬ್

ಕಾಕ್ಸ್-2ಕ್ಕೆ ಮಾತ್ರ ಬೀಗ ಹಾಕಿ, ಜಠರ ಕಾಯುವ ಕಾಕ್ಸ್-1 ಅನ್ನು ಬಿಟ್ಟುಬಿಟ್ಟರೆ? ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುವ ಲೆಕ್ಕ. ಹಾವಿಗೆ ಏಟು ಬಿದ್ದಿದ್ದು ನಿಜ. ಪಾಲಿಪ್ ತೆಗೆಸಿಕೊಂಡಿದ್ದ ಎರಡು ಸಾವಿರ ಜನರ ಒಂದು ಪ್ರಯೋಗದಲ್ಲಿ, ಮೂರು ವರ್ಷದೊಳಗೆ ಹೊಸ ಪಾಲಿಪ್ ಡಮ್ಮಿ ಗುಂಪಿನ ಶೇ 60ರಷ್ಟು ಮಂದಿಯಲ್ಲಿ ಕಂಡರೆ, ದಿನಕ್ಕೆ ಎರಡು ಬಾರಿ 200 ಮಿಲಿಗ್ರಾಂ ತಗೊಂಡವರಲ್ಲಿ ಶೇ 43. ಆಸ್ಪಿರಿನ್ನೂ ಇಷ್ಟು ಜೋರಾಗಿ ಕೆಲಸ ಮಾಡಿಲ್ಲ. ಕೋಲು ಮುರಿದದ್ದು ಹೃದಯದಲ್ಲಿ. ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಹೃದಯ ವೈಫಲ್ಯ ಅಥವಾ ಹೃದಯ ಕಾಯಿಲೆಯ ಸಾವು ಡಮ್ಮಿ ಗುಂಪಿನಲ್ಲಿ ಶೇ 1, ಮಾತ್ರೆಯ ಗುಂಪಿನಲ್ಲಿ ಶೇ 2.3, ಡೋಸ್ ದುಪ್ಪಟ್ಟು ಮಾಡಿದಾಗ ಶೇ 3.4. ಅದೇ ಜಾತಿಯ ರೋಫೆಕಾಕ್ಸಿಬ್ ಅನ್ನು 2004ರಲ್ಲಿ ಮಾರುಕಟ್ಟೆಯಿಂದಲೇ ವಾಪಸ್ ಪಡೆದರು. ಅದರ ಹೃದಯದ ಹಾನಿ ಎದ್ದು ಕಂಡಿದ್ದೂ ಪಾಲಿಪ್ ತಡೆಯುವ ಪ್ರಯೋಗದಲ್ಲೇ.

2016ರ ಒಂದು ದೊಡ್ಡ ಪ್ರಯೋಗದಲ್ಲಿ ಕಡಿಮೆ ಡೋಸಿನ ಸೆಲೆಕಾಕ್ಸಿಬ್ ಹೃದಯದ ವಿಷಯದಲ್ಲಿ ಐಬುಪ್ರೊಫೇನ್, ನ್ಯಾಪ್ರಾಕ್ಸೆನ್‌ಗಿಂತ ಕೆಟ್ಟದೇನಲ್ಲ ಎಂದು ಕಂಡಿತು. ಹಾಗಾಗಿ ಸಂಧಿವಾತಕ್ಕೆ ಇದು ನ್ಯಾಯವಾದ ಆಯ್ಕೆ. ಕರುಳಿನಲ್ಲಿ ನೂರಾರು ಪಾಲಿಪ್ ಬೆಳೆಯುವ ಎಫ್‌ಎಪಿ ಎಂಬ ವಂಶದ ಕಾಯಿಲೆಯಲ್ಲಿ ತಜ್ಞರು ಅಪರೂಪಕ್ಕೆ ಇಂಥ ಮಾತ್ರೆ ಬಳಸುವುದುಂಟು. ಆದರೆ ಅಲ್ಲೂ ಆಪರೇಷನ್ ಮತ್ತು ಕೊಲೊನೋಸ್ಕೋಪಿಯೇ (ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳು ನೋಡುವುದು) ಮುಖ್ಯ.

ಉಳಿದವು

ಕ್ಯಾನಕಿನುಮ್ಯಾಬ್ ಎಂಬ ಇಂಜೆಕ್ಷನ್ ಉರಿಯೂತದ ಒಂದೇ ಒಂದು ಸಂದೇಶವನ್ನು, ಇಂಟರ್‌ಲೂಕಿನ್-1 ಬೀಟಾ ಅನ್ನು, ತಡೆಯುತ್ತದೆ. ಹಾರ್ಟ್ ಅಟ್ಯಾಕ್ ಆಗಿದ್ದ ಹತ್ತು ಸಾವಿರ ಜನರ ಮೇಲೆ ನಡೆದ ಪ್ರಯೋಗದಲ್ಲಿ, ಅತಿ ಹೆಚ್ಚು ಡೋಸ್ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ತೀರಾ ಕಡಿಮೆ ಕಂಡಿತು. 2017ರಲ್ಲಿ ಅದು ದೊಡ್ಡ ಸುದ್ದಿ. ಆದರೆ ಸೋಂಕಿನಿಂದ ಸತ್ತವರು ಹೆಚ್ಚಾದರು, ಒಟ್ಟು ಸಾವಿನ ಸಂಖ್ಯೆ ಇಳಿಯಲಿಲ್ಲ. ಶ್ವಾಸಕೋಶದ ಕ್ಯಾನ್ಸರ್‌ಗೆ ಚಿಕಿತ್ಸೆಯಾಗಿ ಕೊಟ್ಟು ನೋಡಿದಾಗ ಸೋತಿತು. ಬೆಲೆಯೂ ವಿಪರೀತ.

ಸ್ಟೆರಾಯ್ಡ್ ಉರಿಯೂತವನ್ನು ಎಲ್ಲಕ್ಕಿಂತ ಬೇಗ ಇಳಿಸುತ್ತದೆ. ಅದೇ ಹೊತ್ತಿಗೆ ರೋಗನಿರೋಧಕ ಶಕ್ತಿಯನ್ನೂ ಇಳಿಸುತ್ತದೆ. ಕೆಟ್ಟ ಕೋಶಗಳನ್ನು ಹುಡುಕಿ ಕೊಲ್ಲುವ ಕಾವಲುಗಾರನೂ ಅದೇ ಶಕ್ತಿಯಲ್ವಾ? ಅಂಗ ಕಸಿಯಾದ ಮೇಲೆ ಆ ಶಕ್ತಿ ತಗ್ಗಿಸುವ ಔಷಧಿಗಳ ಮೇಲಿರುವವರಲ್ಲಿ ಚರ್ಮದ ಕ್ಯಾನ್ಸರ್ ಮತ್ತು ಲಿಂಫೋಮಾ (ಬಿಳಿ ರಕ್ತಕಣಗಳ ಒಂದು ಬಗೆಯ ಕ್ಯಾನ್ಸರ್) ಹೆಚ್ಚು.

ನೀವು ಯಾವ ಸಾಲಿನಲ್ಲಿದ್ದೀರಿ?

ಕುಟುಂಬದಲ್ಲಿ ಎರಡು ಮೂರು ಜನಕ್ಕೆ, ಅದೂ 50ರೊಳಗೆ, ಕರುಳಿನ ಅಥವಾ ಗರ್ಭಕೋಶದ ಕ್ಯಾನ್ಸರ್ ಬಂದಿದ್ದರೆ ಮೊದಲು ಆಗಬೇಕಾದದ್ದು ಜೀನ್ ಪರೀಕ್ಷೆ. ಲಿಂಚ್ ಎಂದು ಗೊತ್ತಾದರೆ ಆಸ್ಪಿರಿನ್ ಮಾತು ವೈದ್ಯರ ಬಳಿ ನೀವೇ ಎತ್ತಿ. ಆಗಲೂ ಕೊಲೊನೋಸ್ಕೋಪಿ ತಪ್ಪಿಸುವ ಹಾಗಿಲ್ಲ.

ಕರುಳಿನ ಕ್ಯಾನ್ಸರ್‌ಗೆ ಈಗಷ್ಟೇ ಆಪರೇಷನ್ ಆಗಿದ್ದರೆ, ಗೆಡ್ಡೆಯ ಪಿಐಕೆ3ಸಿಎ ಪರೀಕ್ಷೆ ಮಾಡಿಸಬಹುದಾ ಎಂದು ಕೇಳಿ. ಹೆಚ್ಚಿನ ಖರ್ಚು ಆ ಪರೀಕ್ಷೆಗೆ, ಮಾತ್ರೆ ಅಗ್ಗ.

ಅಲ್ಸರೇಟಿವ್ ಕೊಲೈಟಿಸ್ ಇರುವವರು ಹುಷಾರು. ಇಲ್ಲಿ ಹೆಸರೇ ಮೋಸ ಮಾಡುತ್ತದೆ. ಐಬುಪ್ರೊಫೇನ್‌ನಂಥ ಉರಿಯೂತ ತಗ್ಗಿಸುವ ಮಾತ್ರೆಯೇ ಕೆಲವರಿಗೆ ಕಾಯಿಲೆ ಕೆರಳಿಸುತ್ತದೆ. ಮೆಸಲಮೀನ್‌ನಂಥ ಕರುಳಿನದೇ ಔಷಧಿ ತಪ್ಪದೆ ತೆಗೆದುಕೊಂಡು, ಕಾಯಿಲೆ ಶುರುವಾಗಿ ಎಂಟು ವರ್ಷವಾದ ಮೇಲೆ ಕೊಲೊನೋಸ್ಕೋಪಿ ನಿಗಾ ಇಡುವುದೇ ದಾರಿ.

ಸಂಧಿವಾತಕ್ಕೆ ದಿನಾ ಮಾತ್ರೆ ಬೇಕೇ ಬೇಕಾದವರು ಕ್ಯಾನ್ಸರ್ ಲೆಕ್ಕ ಪಕ್ಕಕ್ಕಿಟ್ಟು ಹೊಟ್ಟೆ ಮತ್ತು ಹೃದಯ ನೋಡಿ ಆರಿಸಲಿ. ಹೊಟ್ಟೆ ಸೂಕ್ಷ್ಮವಾಗಿದ್ದರೆ ಕಡಿಮೆ ಡೋಸಿನ ಸೆಲೆಕಾಕ್ಸಿಬ್ ಜೊತೆಗೆ ಆ್ಯಸಿಡ್ ತಗ್ಗಿಸುವ ಮಾತ್ರೆ. ಹೃದಯದ ಚಿಂತೆಯಿದ್ದರೆ ಈ ಇಡೀ ಗುಂಪಿನಿಂದಲೇ ದೂರ ಇರುವುದು ಕ್ಷೇಮ. ತೀರಾ ಬೇಕಾದರೆ ವೈದ್ಯರನ್ನು ಕೇಳಿ ನ್ಯಾಪ್ರಾಕ್ಸೆನ್.

50ರ ಆಸುಪಾಸು, ಆರೋಗ್ಯ ಚೆನ್ನಾಗಿದೆ, ಮನೆಯಲ್ಲಿ ಯಾರಿಗೂ ಕ್ಯಾನ್ಸರ್ ಇಲ್ಲ, ಬರೀ ಭಯ. ಪ್ರಶ್ನೆ ಕಳಿಸುವವರಲ್ಲಿ ಮುಕ್ಕಾಲು ಪಾಲು ಇವರೇ. ನಿಮಗೆ ಯಾವ ಮಾತ್ರೆಯೂ ಬೇಡ. ಆ ದುಡ್ಡು, ಆ ಶಿಸ್ತು ಎರಡನ್ನೂ ಕರುಳಿನ ತಪಾಸಣೆಗೆ ಹಾಕಿ. ಕೊಲೊನೋಸ್ಕೋಪಿಯಲ್ಲಿ ಪಾಲಿಪ್ ಸಿಕ್ಕರೆ ಅಲ್ಲೇ ತೆಗೆದುಬಿಡುತ್ತಾರೆ. ಹೆಪಟೈಟಿಸ್ ಪರೀಕ್ಷೆ ಒಂದು ಸಲ ಮಾಡಿಸಿ. ಜಠರದ ಕ್ಯಾನ್ಸರ್ ಮನೆತನದಲ್ಲಿದ್ದರೆ ಪೈಲೋರಿಯದ್ದೂ.

ಯಾವ ಸಾಲಿನವರೇ ಆಗಲಿ, ಹಿಂದೆ ಅಲ್ಸರ್ ಆಗಿದ್ದರೆ, ರಕ್ತ ತೆಳುಮಾಡುವ ಔಷಧಿ ತೆಗೆದುಕೊಳ್ಳುತ್ತಿದ್ದರೆ, ಕಿಡ್ನಿ ತೊಂದರೆ ಇದ್ದರೆ ಸ್ವಂತ ನಿರ್ಧಾರ ಬೇಡ. ಮಕ್ಕಳಿಗೆ ವೈದ್ಯರು ಹೇಳದೆ ಆಸ್ಪಿರಿನ್ ಕೊಡಲೇಬಾರದು. ಮಲ ಡಾಂಬರಿನಂತೆ ಕಪ್ಪಾದರೆ ಅದು ರಕ್ತ. ಕಾಯದೆ ಆಸ್ಪತ್ರೆಗೆ ಹೋಗಿ.

ಹಾರ್ಟ್ ಅಟ್ಯಾಕ್ ಆಗಿಯೋ, ಸ್ಟೆಂಟ್ ಹಾಕಿಸಿಕೊಂಡೋ ಈಗಾಗಲೇ ಆಸ್ಪಿರಿನ್ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ನಿಲ್ಲಿಸಬೇಡಿ. ನಿಮ್ಮ ಲೆಕ್ಕವೇ ಬೇರೆ. ಥಟ್ಟನೆ ನಿಲ್ಲಿಸಿದರೆ ಸ್ಟೆಂಟ್ ಕಟ್ಟಿಕೊಳ್ಳಬಹುದು. ನೋವಿಗೆಂದು ನಡುವೆ ಐಬುಪ್ರೊಫೇನ್ ಬೇಕಾದರೆ ಅದು ಆಸ್ಪಿರಿನ್ ನುಂಗಿ ಅರ್ಧ ಗಂಟೆಯಾದರೂ ಆದಮೇಲೆ ಇರಲಿ. ಮೊದಲೇ ನುಂಗಿದರೆ ಆಸ್ಪಿರಿನ್ ಕೂರಬೇಕಾದ ಜಾಗದಲ್ಲಿ ಅದು ಹೋಗಿ ಕೂತಿರುತ್ತದೆ.